ನೀಲಿಗೆ ನೀಲಿ

ಸುಗುಣಾ ಡೇವಿಡ್ ಟೀಚರ್ ಮಿಷನ್ ಸಾಲ್ಯಾಗ
ಚಿತ್ರ ಕಲಸ್ತಿದ್ದರು. ರಿಟೈರಾಗಿ ಮಗಳ ಊರಿಗಿ ಹೊಂಟಾಗ
ನಾಕು ಜಂಪರಿನ ಹೊಲಿಗಿ ಬಾಕಿ ಇತ್ತು.
ಅರ್ಧ ರೊಕ್ಕ ಕೊಟ್ಟು, ಉಳಿದದ್ದಕ್ಕ ಆರು ಪುಟ್ಟ ಡಬ್ಬಿ ಇಟ್ಟು
'ಲೈಟ್ ಹೋದಾಗ ಕೂಡಸು, ಕಸ್ತೂರಿ' ಅಂದರು.

ಡಬ್ಬಿ ಒಂದೊಂದು ಬಟ್ಟಿ ಸೋಪಿನಷ್ಟು.
ಒಳಗ ನೂರಕ್ಕ ಒಂದು ಕಡಿಮಿ ತುಣುಕು.
ಮುಚ್ಚಳದ ಮ್ಯಾಲ ಯಾವುದೋ ದೇಶದವರು
ಯಾವಾಗಲೋ ಬರೆದ ಹೆಸರಾದ ಚಿತ್ರ.
ಕೆಳಗಿನ ಅಕ್ಷರ ಓದಾಕ ಬರಲಿಲ್ಲ.
ಬಟ್ಟಿ ಓದಿದೆ.

ಚೌಬಾರಾದಿಂದ ಎಡಕ್ಕ, ಫಾಲ್-ಪಿಕೋ ಅಂಗಡಿ ನಂದು.
ಎರಡಕ್ಕ ಲೈಟ್ ಹೋಗ್ತದ, ನಾಕಕ್ಕ ಬರ್ತದ.
ಕತ್ತರಿ ಸರಿಸಿ, ಟೇಪು ಸುತ್ತಿಟ್ಟು
ಮೊದಲು ಸುರುವಿದ್ದು ಹಾಲು ಸುರುವೋ ಹೆಂಗಸಿನ.
ಎಲ್ಲಾರೂ ಗಡಗಿ ನೋಡತಾರ. ನಾ ಹಳದಿ ಕುಬಸ ನೋಡಿದೆ:
ಹೆಗಲ ಹೊಲಿಗಿ ಒಂದಿಂಚು ಕೆಳಗ ಇಳದದ,
ಆದರ ತೋಳಿನ ಬಟ್ಟಿಗಿ ಜಿಪುಣತನ ಮಾಡಿಲ್ಲ.
ಸೊಂಟದ ನೀಲಿ ಬಟ್ಟಿ ಎತ್ತಿ ಸಿಗಿಸಿದ್ದು,
ಕೆಲಸದಾಕಿ ನಿಂತ ನಿಂತಲ್ಲೇ ಸಿಗಿಸೋ ಹಂಗ.
ಮುಖ ಕಡೀಕ ಕೂಡಿತು, ಐದಾರು ತುಣುಕಿನಾಗ.
ನನ್ನ ಕಡಿ ನೋಡಲೇ ಇಲ್ಲ. ಹಾಲಿನ ಮ್ಯಾಲೇ ಕಣ್ಣು.

ಎರಡನೇದು ಸುರುಳಿ ಸುರುಳಿ ಚಿಕ್ಕಿ ಇರೋ ರಾತ್ರಿ.
ಅಯ್ಯೋ ನಮ್ಮವ್ವ, ನೀಲಿ!
ಎಪ್ಪತ್ತು ತುಣುಕು. ಎಲ್ಲಾ ಬ್ಯಾರೆ, ಎಲ್ಲಾ ಒಂದೇ.
ಮೂರು ದಿನ ತಿಣುಕಿದೆ. ನಾಕನೇ ದಿನ
ದಾರದ ಶೇಡ್ ಕಾರ್ಡ್ ತಗದೆ.
ಮುನ್ನೂರಾ ಹನ್ನೆರಡು, ನವಿಲು ಕುತ್ತಿಗಿ.
ಮುನ್ನೂರಾ ಹದಿನೈದು, ಸಾಲಿ ಲಂಗ.
ಮುನ್ನೂರಾ ಇಪ್ಪತ್ತು, ನೀಲಿ ಹೆಚ್ಚಾದ ಧೋತರ.
ಸೀರಿಗಿ ದಾರ ಹೊಂದಿಸೋ ಹಂಗ
ಒಂದೊಂದೇ ಹಚ್ಚಿ ನೋಡಿ ಸಾಲಿಟ್ಟೆ.
ಒಂದು ತಾಸಿನಾಗ ಆಕಾಶ ಮುಗೀತು.
ಅಷ್ಟು ದೊಡ್ಡ ಚಿತ್ರಗಾರಗೂ
ನನ್ನ ಕಾರ್ಡಿನಾಗ ಇಲ್ಲದ ನೀಲಿ ಸಿಕ್ಕಿಲ್ಲಂತ ಹಿಗ್ಗಿದೆ.
ಆಮ್ಯಾಲ ನೋಡಿದರ ಒಂದಿತ್ತು, ಚಂದ್ರನ ಮಗ್ಗಲಕ.
ಅದರ ದಾರ ಹೈದರಾಬಾದಿನಾಗೂ ಸಿಗಂಗಿಲ್ಲ.
ಆದರ ಆ ಬಣ್ಣ ನಾ ನೋಡೀನಿ,
ಮದರಸಾದ ಮಿನಾರಿನಾಗ ಉದುರದೇ ಉಳಿದ ಹಂಚಿನ ಮ್ಯಾಲ,
ಮಳಿ ನಿಂತು ಬಿಸಲು ಬಿದ್ದಾಗ.

ನಡುವಿನ ಮೂರು ಹೇಳೋ ಹಂಗಿಲ್ಲ.
ಒಂದು ಬರೇ ಹಣ್ಣು, ಒಂದು ಸಮುದ್ರ,
ಒಂದರಾಗ ಮೈಮ್ಯಾಲ ಬಟ್ಟಿನೇ ಇರಲಿಲ್ಲ.
ಗಿರಾಕಿ ಬಂದರ ಅಸ್ತರದ ತುಂಡು ಹೊದಸತಿದ್ದೆ.

ಬಿದರಿ ಕೆಲಸದ ವಲೀ ಚಾಚಾ ನೀರು ಕುಡೀಲಾಕ ಬಂದರು,
ಬೆರಳಿನ ತುಂಬ ಕಿಲ್ಲೆ ಮಣ್ಣಿನ ಕಪ್ಪು.
ನಿಂತೇ ನೋಡಿದರು.
'ಇದು ನಮ್ಮ ಕೆಲಸಾನೇ ಬೇಟಿ,
ಕೊರದ ಜಾಗಾಕ್ಕ ಬೆಳ್ಳಿ ಕೂಡಸೋದು.
ಫರಕ್ ಇಷ್ಟೇ, ನಾವು ಸುತ್ತಿಗಿ ಬಡೀತೀವಿ.
ಇದಕ್ಕ ಬಡೀಬ್ಯಾಡ.'
ಒಂದು ತುಣುಕು ನಾ ಒತ್ತಿ ತುರುಕಿದ್ದೆ,
ಅದರ ಮ್ಯಾಲೇ ಬೆರಳಿಟ್ಟರು.

ಆರನೇದು ತಿರುಗಿ ನೋಡೋ ಹುಡುಗಿ,
ತಲಿಗಿ ನೀಲಿ ರುಮಾಲು, ಕಿವ್ಯಾಗ ಒಂದು ಮುತ್ತು.
ಎಲ್ಲಾ ಕೂಡಿತು. ಕೂಡಿದ ಮ್ಯಾಲೂ
ಡಬ್ಬ್ಯಾಗ ಒಂದು ತುಣುಕು ಉಳೀತು.

ಕೆಂಪು. ಹಾಲಿನಾಕಿ ಲಂಗದ ಕೆಂಪಲ್ಲ, ಹಣ್ಣಿನದೂ ಅಲ್ಲ.
ಮೂಲ್ಯಾಗ ಯಾರದೋ ಬೆರಳಿನ ತುದಿ, ಅರ್ಧ ಉಗುರು.
ಏನು ಹಿಡದಿತ್ತೋ, ಏನು ಬಿಡಲಾಕತ್ತಿತ್ತೋ.

ಫೋನ್ ಹಚ್ಚಿದೆ.
'ಏಳನೇ ಡಬ್ಬಿ ಒಂದಿತ್ತೇನ್ರಿ ಟೀಚರ್?'
ಬಾಳ ಹೊತ್ತು ಫ್ಯಾನಿನ ಸಪ್ಪಳ ಒಂದೇ ಕೇಳಿಸ್ತು.
ಆಮ್ಯಾಲ ಅಂದರು, 'ಊಟ ಆಯ್ತಾ, ಕಸ್ತೂರಿ?'

ಅಂಗಿ ಇಲ್ಲದ ಗುಂಡಿಗೋಳ ಡಬ್ಬಿ ಒಂದದ ನನ್ನ ಹತ್ರ.
ಅದರಾಗ ಹಾಕಿದೆ.
ಇಪ್ಪತ್ತು ವರ್ಷದಾಗ ಅಲ್ಲಿಂದ
ಎರಡೇ ಎರಡು ಗುಂಡಿ ಹುಡುಕ್ಕೊಂಡು ಜನ ಬಂದಾರ.

ಲೈಟ್ ಬಂತು.
ಪಿಕೋಕ್ಕಿಟ್ಟ ಸೀರಿ ಕೆಂಪಿತ್ತು.
ತುಣುಕು ಮತ್ತ ತಗದು, ಸೆರಗಿಗಿ ಹಚ್ಚಿ ನೋಡಿದೆ.
ಅಲ್ಲ.